ಕ್ಯಾಂಪಸ್‌ನಲ್ಲಿ ಬೆಂಕಿ ಬಿದ್ದರೆ: ಹಾಸ್ಟೆಲ್, ಲ್ಯಾಬ್, ಪರೀಕ್ಷಾ ಹಾಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮಹಡಿಯ ಫೈರ್ ವಾರ್ಡನ್ ಕೂಡ ನಾನೇ. ಆಸೆಪಟ್ಟು ಆದದ್ದಲ್ಲ. ಮೀಟಿಂಗ್‌ನಲ್ಲಿ ಯಾರೂ ಕೈ ಎತ್ತಲಿಲ್ಲ, ಬಾಗಿಲ ಹತ್ತಿರ ಕೂತವನ ಹೆಸರು ಬರೆದುಕೊಂಡರು. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಅದೇ ಪ್ರಶ್ನೆಗಳು ಬರುತ್ತವೆ. ಕೆಲವನ್ನು ಹುಡುಗರು ಕೇಳುತ್ತಾರೆ, ಕೆಲವನ್ನು ಪ್ರೊಫೆಸರ್‌ಗಳು ಕೇಳುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ನಮ್ಮದು ಕಾಂಕ್ರೀಟ್ ಕಟ್ಟಡ. ಬೆಂಕಿ ಹೇಗೆ ಹಬ್ಬುತ್ತದೆ?

ಕಾಂಕ್ರೀಟ್ ಉರಿಯುವುದಿಲ್ಲ, ನಿಜ. ಒಳಗಿರುವ ಹಾಸಿಗೆ, ಪರದೆ, ಪುಸ್ತಕ, ಪ್ಲೈವುಡ್, ಫೋಮ್ ಕುರ್ಚಿ, ವೈರ್ ಮೇಲಿನ ಪ್ಲಾಸ್ಟಿಕ್ ಉರಿಯುತ್ತವೆ. ಆದರೆ ಜನ ಜಾಸ್ತಿ ಸಾಯುವುದು ಬೆಂಕಿಯಿಂದಲ್ಲ, ಹೊಗೆಯಿಂದ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಕಾಲು ಮಾತು ಕೇಳುವುದಿಲ್ಲ.

ಬೆಂಗಳೂರಿನವರಿಗೆ ಕಾರ್ಲ್‌ಟನ್ ಟವರ್ಸ್ ನೆನಪಿರಬಹುದು. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರಸ್ತೆ. ಬೆಂಕಿ ಹೊತ್ತಿದ್ದು ವಿದ್ಯುತ್ ಕೇಬಲ್ ಹಾಯುವ ಡಕ್ಟ್‌ನಲ್ಲಿ. ಮೇಲಿನ ಮಹಡಿಗಳಿಗೆ ಬಂದದ್ದು ಹೊಗೆ. ಉಸಿರು ಕಟ್ಟಿದವರು ಕಿಟಕಿ ಒಡೆದರು, ಕೆಲವರು ಹಾರಿದರು. 9 ಜನ ಸತ್ತರು. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲೂ ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ. ಸುಮಾರು 90 ಜನ ಸತ್ತರು, ಹೆಚ್ಚಿನವರು ಮೇಲಿನ ವಾರ್ಡ್‌ಗಳಲ್ಲಿ ಉಸಿರು ಕಟ್ಟಿ.

ನಿಮ್ಮ ಡಿಪಾರ್ಟ್‌ಮೆಂಟ್‌ನಲ್ಲೂ ಅಂಥ ಡಕ್ಟ್ ಇದೆ. ಅದರ ಬಾಗಿಲು ತೆಗೆದು ನೋಡಿ. ಪೊರಕೆ, ಹಳೇ ಉತ್ತರಪತ್ರಿಕೆ ಕಟ್ಟು, ಮುರಿದ ಕುರ್ಚಿ ಇದ್ದರೆ ಇವತ್ತೇ ತೆಗೆಸಿ.

ಬೆಂಕಿ ಕಂಡ ತಕ್ಷಣ ಮೊದಲು ಏನು ಮಾಡಬೇಕು?

ಕೂಗಿ. ನಾಚಿಕೆ ಬೇಡ. ಗೋಡೆಯ ಮೇಲಿನ ಕೆಂಪು ಡಬ್ಬಿಯ ಗಾಜು ಒತ್ತಿ, ಅಲಾರಂ ಹೊಡೆಯಲಿ. ಹೊರಗೆ ಬನ್ನಿ. ಹೊರಗೆ ಬಂದು 112ಕ್ಕೋ 101ಕ್ಕೋ ಫೋನ್ ಮಾಡಿ. ಎಚ್‌ಓಡಿಗೆ ಹೇಳಿ, ಅವರು ರಿಜಿಸ್ಟ್ರಾರ್‌ಗೆ ಹೇಳಿ, ಆಮೇಲೆ ಅಗ್ನಿಶಾಮಕ ಠಾಣೆಗೆ ಎಂಬ ಕ್ರಮ ಯಾವ ನಿಯಮದಲ್ಲೂ ಇಲ್ಲ. ಅದು ನಮ್ಮ ಕಚೇರಿ ಅಭ್ಯಾಸ ಅಷ್ಟೇ.

ಫೋನ್‌ನಲ್ಲಿ ವಿಳಾಸ ಸರಿಯಾಗಿ ಹೇಳುವುದೇ ಕಷ್ಟದ ಕೆಲಸ. "ಹೊಸ ಬ್ಲಾಕ್" ಎಂದರೆ ನಮಗೆ ಗೊತ್ತು. ಅದು ಕಟ್ಟಿ ಇಪ್ಪತ್ತು ವರ್ಷವಾದರೂ ಹೊಸ ಬ್ಲಾಕೇ. ಫೈರ್ ಎಂಜಿನ್ ಓಡಿಸುವವರಿಗೆ ಹೇಗೆ ಗೊತ್ತಾಗಬೇಕು? ಯಾವ ರಸ್ತೆಯ ಗೇಟು, ಕಟ್ಟಡ ಯಾವುದು, ಎಷ್ಟನೇ ಮಹಡಿ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ, ಕೆಮಿಕಲ್ ಅಥವಾ ಗ್ಯಾಸ್ ಇದೆಯಾ, ಇಷ್ಟು ಹೇಳಿ. ಒಬ್ಬರನ್ನು ಗೇಟಿನ ಹತ್ತಿರ ನಿಲ್ಲಿಸಿ, ದಾರಿ ತೋರಿಸಲಿ.

ಅಲಾರಂ ಸುಮ್ಸುಮ್ನೆ ಹೊಡೆಯುತ್ತಿರುತ್ತದೆ. ಪ್ರತಿ ಸಲ ಇಳಿಯಬೇಕಾ?

ಹೌದು, ಪ್ರತಿ ಸಲ. ಬೇಜಾರಾಗುತ್ತದೆ, ಗೊತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಸೀಟನ್ ಹಾಲ್ ಎಂಬ ವಿಶ್ವವಿದ್ಯಾಲಯವಿದೆ. ಅಲ್ಲಿನ ಬೋಲಂಡ್ ಹಾಲ್ ಎಂಬ ಹಾಸ್ಟೆಲ್‌ನಲ್ಲಿ ಒಂದೇ ಸೆಮಿಸ್ಟರ್‌ನಲ್ಲಿ 18 ಸಲ ಸುಳ್ಳು ಅಲಾರಂ ಹೊಡೆದಿತ್ತು. 2000ದ ಜನವರಿ 19ರ ಬೆಳಗಿನ ಜಾವ ಮತ್ತೆ ಹೊಡೆಯಿತು. ಮಾಮೂಲಿ ಅಂದುಕೊಂಡು ಎಷ್ಟೋ ಜನ ಮಗ್ಗುಲು ಬದಲಿಸಿ ಮಲಗಿದರು. ಆ ಸಲ ಬೆಂಕಿ ನಿಜವಾಗಿತ್ತು. ಮೂವರು ವಿದ್ಯಾರ್ಥಿಗಳು ಸತ್ತರು. ತಮಾಷೆಗೆ ಬೆಂಕಿ ಹಚ್ಚಿದ್ದು ಅಲ್ಲಿದ್ದ ಹುಡುಗರೇ ಎಂದು ಆಮೇಲೆ ತನಿಖೆಯಲ್ಲಿ ತಿಳಿಯಿತು.

ಅಲಾರಂ ಪದೇ ಪದೇ ಸುಳ್ಳು ಹೇಳುತ್ತಿದ್ದರೆ ಬೈಯಬೇಕಾದ್ದು ಅಲಾರಂಗಲ್ಲ, ಅದನ್ನು ರಿಪೇರಿ ಮಾಡಿಸದವರಿಗೆ. ಎಷ್ಟೋ ಸಲ ಕಾರಣ ಚಿಕ್ಕದಿರುತ್ತದೆ. ಡಿಟೆಕ್ಟರ್ ಒಳಗೆ ಧೂಳು ಅಥವಾ ಜೇಡ ಸೇರಿರುತ್ತದೆ, ಇಲ್ಲವೇ ಪ್ಯಾಂಟ್ರಿಯ ಟೋಸ್ಟರ್ ಅದರ ಕೆಳಗೇ ಇರುತ್ತದೆ. ಸದ್ದು ತಾಳಲಾರದೆ ಪ್ಯಾನೆಲ್‌ನ ಸ್ವಿಚ್ಚನ್ನೇ ಆರಿಸಿಡುವವರೂ ಇದ್ದಾರೆ. ಅದಕ್ಕಿಂತ ಸುಳ್ಳು ಅಲಾರಂ ಎಷ್ಟೋ ವಾಸಿ.

ರಾತ್ರಿ ಹಾಸ್ಟೆಲ್ ಗೇಟಿಗೆ ಬೀಗ ಹಾಕುತ್ತಾರೆ. ಬೆಂಕಿ ಬಿದ್ದರೆ?

ನನಗೆ ಇದೇ ದೊಡ್ಡ ಪ್ರಶ್ನೆ. ಸಿಲಿಂಡರ್, ಅಲಾರಂ, ಬೋರ್ಡು ಎಲ್ಲವೂ ಆಮೇಲೆ. ಒಳಗಿಂದ ಬಾಗಿಲು ತೆರೆಯದಿದ್ದರೆ ಉಳಿದದ್ದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಬೀಗ ಹಾಕುವವರ ಕಾರಣವೂ ಸುಳ್ಳಲ್ಲ. ಹೊರಗಿನವರು ಒಳಗೆ ಬರಬಾರದು, ಹುಡುಗಿಯರ ಹಾಸ್ಟೆಲ್‌ಗೆ ಭದ್ರತೆ ಬೇಕು, ಅಪ್ಪ ಅಮ್ಮ ಕೇಳುತ್ತಾರೆ. ಆದರೆ ಹೊರಗಿನವರನ್ನು ತಡೆಯುವುದು ಒಂದು, ಒಳಗಿನವರನ್ನು ಕೂಡಿಹಾಕುವುದು ಇನ್ನೊಂದು. ಇವೆರಡನ್ನೂ ಬೇರೆ ಮಾಡುವ ಬಾಗಿಲು ಬಂದು ನೂರು ವರ್ಷದ ಮೇಲಾಯಿತು. 1883ರ ಜೂನ್‌ನಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳ ಪ್ರದರ್ಶನವಿತ್ತು. ಉಡುಗೊರೆ ಕೊಡುತ್ತಾರೆಂದು ಮಕ್ಕಳು ಮೆಟ್ಟಿಲಲ್ಲಿ ಓಡಿ ಇಳಿದರು. ಕೆಳಗಿನ ಬಾಗಿಲು ಒಂದು ಮಗು ಹಾಯುವಷ್ಟೇ ತೆರೆಯುವಂತೆ ಚಿಲಕ ಹಾಕಿತ್ತು. 183 ಮಕ್ಕಳು ಸತ್ತರು. ಅಲ್ಲಿ ಬೆಂಕಿಯೇ ಇರಲಿಲ್ಲ, ನೋಡಿ. ಒಳಗಿಂದ ಮೈ ತಾಗಿಸಿ ತಳ್ಳಿದರೆ ತೆರೆಯುವ, ಹೊರಗಿಂದ ಮುಚ್ಚಿಯೇ ಇರುವ ಬಾಗಿಲಿನ ಯೋಚನೆ ಬಂದದ್ದು ಆಮೇಲೆ. ಇವತ್ತು ಮಾಲ್‌ಗಳಲ್ಲಿ ಅಡ್ಡ ಕಂಬಿಯ ಬಾಗಿಲು ನೋಡಿರುತ್ತೀರಿ, ಪ್ಯಾನಿಕ್ ಬಾರ್ ಅಂತಾರೆ. ಅದಕ್ಕೊಂದು ಬಜರ್ ಹಾಕಿದರೆ ಯಾರಾದರೂ ಸುಮ್ನೆ ತೆರೆದರೂ ಸೆಕ್ಯುರಿಟಿಗೆ ಗೊತ್ತಾಗುತ್ತದೆ. ವಾರ್ಡನ್‌ಗೂ ಸಮಾಧಾನ, ನಿಮಗೂ ದಾರಿ.

ದಾರಿ ಮುಚ್ಚಲು ಬೀಗವೇ ಬೇಕಂತಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಸತ್ತರು. ಅಲ್ಲಿ ಬಾಲ್ಕನಿಯ ಒಂದು ಬದಿಯ ದಾರಿಯನ್ನು ಹೆಚ್ಚುವರಿ ಸೀಟು ಹಾಕಿ ಮುಚ್ಚಿದ್ದರು. ನಮ್ಮಲ್ಲಿ ಸೀಟಿನ ಜಾಗದಲ್ಲಿ ಬೀರು ಇರುತ್ತದೆ, ಅಷ್ಟೇ ವ್ಯತ್ಯಾಸ.

ಗಾಜಿನ ಡಬ್ಬಿಯಲ್ಲಿ ಬೀಗದ ಕೈ ಇಟ್ಟಿದ್ದಾರೆ. ಅಷ್ಟು ಸಾಕಲ್ವಾ?

ಒಂದು ಹಾಸ್ಟೆಲ್‌ನ ಡ್ರಿಲ್ ನೋಡಲು ನನ್ನನ್ನು ಕರೆದಿದ್ದರು. ಬೆಳಿಗ್ಗೆ ಆರೂವರೆ. ಅಲಾರಂ ಹೊಡೆಯಿತು. ಹುಡುಗರು ಟವೆಲ್, ಚಡ್ಡಿಯಲ್ಲೇ ಇಳಿದು ಬಂದರು, ಒಬ್ಬನ ಬಾಯಲ್ಲಿ ಇನ್ನೂ ಬ್ರಷ್ ಇತ್ತು. ಹಿಂದಿನ ಮೆಟ್ಟಿಲಿನ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ. ಕೈ ಇದ್ದ ಸೆಕ್ಯುರಿಟಿಯವರು ಚಹಾಕ್ಕೆ ಹೋಗಿದ್ದರು. ಪರವಾಗಿಲ್ಲ, ಗಾಜಿನ ಡಬ್ಬಿ ಇದೆ ಅಂದರು ವಾರ್ಡನ್. ಡಬ್ಬಿಯ ಪಕ್ಕ ನೇತಾಡಬೇಕಿದ್ದ ಚಿಕ್ಕ ಸುತ್ತಿಗೆ ಇರಲಿಲ್ಲ. ಒಬ್ಬ ಹುಡುಗ ಚಪ್ಪಲಿಯಿಂದ ಗಾಜು ಒಡೆದು ಕೈ ತೆಗೆದ. ಬೀಗಕ್ಕೆ ಹಾಕಿದ, ತಿರುಗಿಸಿದ, ಮತ್ತೆ ತಿರುಗಿಸಿದ. ಹಿಂದೆ ಮೆಟ್ಟಿಲ ತುಂಬ ಜನ ನಿಂತು ನಗುತ್ತಿದ್ದರು. ಬೀಗ ಬದಲಾಯಿಸಿ ಒಂದು ವರ್ಷವಾಗಿತ್ತಂತೆ. ಡಬ್ಬಿಯಲ್ಲಿ ಇದ್ದದ್ದು ಹಳೇ ಬೀಗದ ಕೈ.

ಸಾಲದು ಎಂಬುದೇ ಉತ್ತರ. ಹೊಗೆಯಲ್ಲಿ ಕೈ ನಡುಗುವಾಗ ಬೀಗದ ತೂತು ಕಾಣುವುದೂ ಇಲ್ಲ.

ಕಿಟಕಿಗೆ ಕಬ್ಬಿಣದ ಗ್ರಿಲ್ ಇದೆ. ತೆಗೆಸಬೇಕಾ?

ಕಳ್ಳರೂ ಇದ್ದಾರೆ, ಮಂಗಗಳೂ ಇವೆ. ಪೂರ್ತಿ ತೆಗೆಯಬೇಕಿಲ್ಲ. ಪ್ರತಿ ಕೋಣೆಯಲ್ಲೂ ಒಂದು ಕಿಟಕಿಯ ಗ್ರಿಲ್‌ಗೆ ಕೀಲು ಹಾಕಿಸಿ, ಒಳಗಿಂದ ಕೈಯಲ್ಲೇ ತೆರೆಯುವಂತಿರಲಿ.

ಲಿಫ್ಟ್‌ನಲ್ಲಿ ಬೇಗ ಇಳಿಯಬಹುದಲ್ಲ?

ಬೇಡ. ಕರೆಂಟ್ ಹೋದರೆ ನಡುವೆ ನಿಲ್ಲುತ್ತದೆ, ಲಿಫ್ಟ್ ಓಡಾಡುವ ಕೊಳವೆಯೇ ಹೊಗೆಗೆ ಚಿಮಣಿಯಾಗುತ್ತದೆ. ಕೆಲವು ಕಟ್ಟಡಗಳಲ್ಲಿ ಅಗ್ನಿಶಾಮಕ ಸಿಬ್ಬಂದಿಗೆಂದೇ ಬೇರೆ ಲಿಫ್ಟ್ ಇರುತ್ತದೆ. ಅದು ಅವರಿಗೆ.

ಕಾರಿಡಾರ್ ತುಂಬ ಹೊಗೆ. ಹೊರಗೆ ಹೋಗಲಾಗದಿದ್ದರೆ?

ಮೊದಲು ಅಂಗೈಯ ಹಿಂಭಾಗದಿಂದ ಬಾಗಿಲು ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ. ಬಿಸಿಯಿಲ್ಲ, ಹೊಗೆ ತೆಳುವಾಗಿದೆ ಎಂದರೆ ಬಗ್ಗಿ, ಬೇಕಾದರೆ ತೆವಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಗೆ ಹೋಗಿ. ಬಿಸಿ ಹೊಗೆ ಮೇಲೆ ತುಂಬುತ್ತದೆ, ನೆಲದ ಹತ್ತಿರ ಸ್ವಲ್ಪ ಒಳ್ಳೆಯ ಗಾಳಿ ಉಳಿದಿರುತ್ತದೆ. ಬರುವಾಗ ಹಿಂದಿನ ಬಾಗಿಲು ಮುಚ್ಚಿ, ಬೀಗ ಬೇಡ.

ದಟ್ಟ ಹೊಗೆಯಿದ್ದರೆ ಕೋಣೆಯೊಳಗೇ ಇರಿ. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಹೊರಗಿನ ಕಿಟಕಿಯ ಹತ್ತಿರ ನಿಂತು ಬಣ್ಣದ ಬಟ್ಟೆ ಬೀಸಿ, 112ಕ್ಕೆ ಫೋನ್ ಮಾಡಿ ಕೋಣೆ ನಂಬರ್ ಹೇಳಿ. ಮರದ ಬಾಗಿಲೂ ಸ್ವಲ್ಪ ಹೊತ್ತು ತಡೆಯುತ್ತದೆ.

ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಮಸಿ ಒಂದಿಷ್ಟು ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡ್ ತಡೆಯುವುದಿಲ್ಲ. ಕರವಸ್ತ್ರ ಇದೆ ಅನ್ನುವ ಧೈರ್ಯದಲ್ಲಿ ದಟ್ಟ ಹೊಗೆಗೆ ನುಗ್ಗಬೇಡಿ.

ಹಾರುವ ಯೋಚನೆಯೂ ಬೇಡ. 2019ರ ಮೇ ತಿಂಗಳಲ್ಲಿ ಸೂರತ್‌ನ ಕೋಚಿಂಗ್ ಸೆಂಟರ್‌ನಲ್ಲಿ 22 ಮಕ್ಕಳು ಸತ್ತರು. ಮೇಲಿನಿಂದ ಹಾರುತ್ತಿದ್ದ ಮಕ್ಕಳನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅವರ ತಪ್ಪಲ್ಲ ಅದು, ಅವರಿಗೆ ಬೇರೆ ದಾರಿಯನ್ನೇ ಕಟ್ಟಿರಲಿಲ್ಲ.

ಗೋಡೆಯಲ್ಲಿರುವ ಕೆಂಪು ಸಿಲಿಂಡರ್ ಬಳಸುವುದು ಹೇಗೆ? ಎಲ್ಲವೂ ಒಂದೇನಾ?

ಒಂದೇ ಅಲ್ಲ. ಕ್ಯಾಂಪಸ್‌ನಲ್ಲಿ ಜಾಸ್ತಿ ಕಾಣುವುದು ಎರಡು. ಒಂದು ಎಬಿಸಿ ಪೌಡರ್. ಕಾಗದ, ಬಟ್ಟೆ, ಪೆಟ್ರೋಲ್, ಗ್ಯಾಸ್ ಎಲ್ಲದಕ್ಕೂ ಆಗುತ್ತದೆ. ಆದರೆ ಬಳಸಿದ ಮೇಲೆ ಕೋಣೆಯೆಲ್ಲ ಹಳದಿ ಪುಡಿ, ಯಂತ್ರಗಳ ಒಳಗೂ ಪುಡಿ. ಇನ್ನೊಂದು ಸಿಒ2, ತುದಿಯಲ್ಲಿ ಕಪ್ಪು ಕೊಂಬು ಇರುವಂಥದ್ದು. ಕಂಪ್ಯೂಟರ್, ವಿದ್ಯುತ್ ಪ್ಯಾನೆಲ್‌ಗೆ ಇದು ಒಳ್ಳೆಯದು. ಬಳಸುವಾಗ ಕೊಂಬನ್ನು ಬರಿಗೈಯಲ್ಲಿ ಹಿಡಿಯಬೇಡಿ, ಹಿಡಿಯನ್ನೇ ಹಿಡಿಯಿರಿ. ಹೊರಬರುವ ಅನಿಲ ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುತ್ತದೆ, ಚರ್ಮ ಅಂಟಿಕೊಳ್ಳುತ್ತದೆ. ಚಿಕ್ಕ ಕೋಣೆಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ನಿಮ್ಮ ಉಸಿರಿಗೇ ಗಾಳಿ ಇರುವುದಿಲ್ಲ.

ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿ ಹಿಡಿಯಿರಿ, ಹಿಡಿ ಒತ್ತಿ, ಎಡಕ್ಕೂ ಬಲಕ್ಕೂ ಬೀಸಿ. ಜ್ವಾಲೆಯ ತುದಿಗೆ ಹೊಡೆದರೆ ಪುಡಿ ದಂಡ. ಅರ್ಧ ನಿಮಿಷವೂ ಬರುವುದಿಲ್ಲ, ಅಷ್ಟರಲ್ಲಿ ಖಾಲಿ. ಅದಕ್ಕೇ ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ ಇದು. ನಿಮ್ಮ ಬೆನ್ನ ಹಿಂದೆ ಬಾಗಿಲು ಇರಲಿ. ಆರದಿದ್ದರೆ ಸಿಲಿಂಡರ್ ಬಿಸಾಕಿ ಹೊರಡಿ.

ಪೌಡರ್ ಸಿಲಿಂಡರ್‌ನ ಮೀಟರ್ ಮುಳ್ಳು ಹಸಿರಿನಲ್ಲಿರಬೇಕು. ಸಿಒ2ಗೆ ಸಾಮಾನ್ಯವಾಗಿ ಮೀಟರ್ ಇರುವುದಿಲ್ಲ, ತೂಕ ಹಾಕಿಯೇ ನೋಡಬೇಕು. ತೂಕ ಹಾಕದೆ ಚೀಟಿಯಲ್ಲಿ ತಾರೀಕು ಮಾತ್ರ ಬರೆದು ಹೋಗುವ ಕಂಟ್ರಾಕ್ಟರ್‌ಗಳಿರುತ್ತಾರೆ. ತಕ್ಕಡಿ ತಂದರಾ ಅಂತ ಕೇಳಿ.

ಲ್ಯಾಬ್‌ನಲ್ಲಿ ವಿಶೇಷವಾಗಿ ಏನು ನೋಡಿಕೊಳ್ಳಬೇಕು?

ನನ್ನ ಮನೆಯಂಥ ಜಾಗ, ಅದಕ್ಕೆ ಉತ್ತರ ಸ್ವಲ್ಪ ಉದ್ದ.

ಈಥರ್, ಅಸಿಟೋನ್‌ನಂಥ ದ್ರಾವಕಗಳಲ್ಲಿ ಉರಿಯುವುದು ದ್ರವವಲ್ಲ, ಅದರ ಆವಿ. ಈಥರ್ ಆವಿ ಗಾಳಿಗಿಂತ ಭಾರ. ಮೇಜಿನ ಮೇಲಿಂದ ಇಳಿದು ನೆಲದ ಮೇಲೆ ಹರಿದು, ಮೂರು ಮೇಜು ಆಚೆ ಇರುವ ಬರ್ನರ್ ಮುಟ್ಟಬಹುದು. ಬೆಂಕಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಂಥ ಬಾಟಲಿಯನ್ನು ಮನೆಯ ಮಾಮೂಲಿ ಫ್ರಿಜ್‌ನಲ್ಲಿ ಇಡಬೇಡಿ. ಒಳಗಿನ ದೀಪ, ಥರ್ಮೋಸ್ಟಾಟ್‌ನ ಒಂದು ಕಿಡಿ ಸಾಕು. ಸೋಡಿಯಂಗೆ ನೀರು ಹಾಕಬಾರದು, ಒಣ ಮರಳು ಬೇಕು. ಹಾಗೆ ಇಟ್ಟ ಮರಳಿನ ಬಕೆಟ್‌ನಲ್ಲಿ ಸಿಗರೇಟ್ ತುಂಡು, ಎಲೆಅಡಿಕೆ ಉಗುಳು ನೋಡಿದ್ದೇನೆ. ಒದ್ದೆ ಮರಳು ಅಲ್ಲಿ ಕೆಲಸಕ್ಕೆ ಬಾರದು.

ಬಟ್ಟೆಗೆ ಬೆಂಕಿ ತಗುಲಿದರೆ ಓಡಬೇಡಿ. ಹತ್ತಿರವೇ ಸೇಫ್ಟಿ ಶವರ್ ಇದ್ದರೆ ಅದರ ಕೆಳಗೆ ನಿಲ್ಲಿ, ಇಲ್ಲದಿದ್ದರೆ ನೆಲಕ್ಕೆ ಬಿದ್ದು ಹೊರಳಿ. ಸಿಂಥೆಟಿಕ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ, ಹತ್ತಿಯ ಕೋಟು ಹಾಕಿ ಅಂತ ಗೋಗರೆಯುವುದು ಇದಕ್ಕೇ.

ಇನ್ನು ಆಯುಧ ಪೂಜೆ. ಬೇಡ ಅನ್ನುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಕಡಲೆಪುರಿ ಹಂಚಿ. ಕರ್ಪೂರ, ಊದುಬತ್ತಿ ಮಾತ್ರ ಕಾರಿಡಾರ್ ದಾಟಿ ಹೊರಗೆ. ಗ್ಯಾಸ್ ಸಿಲಿಂಡರ್‌ಗೆ ಆರತಿ ಎತ್ತುವುದನ್ನು ಒಮ್ಮೆ ಕಣ್ಣಾರೆ ಕಂಡು ಎದೆ ಧಸಕ್ಕೆಂದಿತ್ತು. ಆ ವರ್ಷದಿಂದ ನಮ್ಮಲ್ಲಿ ಆರತಿ ಮರದ ಕೆಳಗೆ.

ರೂಮಿನಲ್ಲಿ ಇಂಡಕ್ಷನ್ ಸ್ಟವ್, ವಾಟರ್ ಹೀಟರ್ ರಾಡ್ ಇಟ್ಟುಕೊಂಡರೆ ತಪ್ಪಾ?

ಹಾಸ್ಟೆಲ್ ವೈರಿಂಗ್ ಫ್ಯಾನ್, ಲೈಟ್, ಚಾರ್ಜರ್‌ಗೆ ಲೆಕ್ಕ ಹಾಕಿದ್ದು. ಇಂಡಕ್ಷನ್ ಒಂದೇ 2000 ವಾಟ್‌ವರೆಗೆ ಎಳೆಯುತ್ತದೆ. ಅದನ್ನು ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ವೈರ್ ಬಿಸಿಯಾಗುತ್ತದೆ. ಆ ವೈರ್ ಮಂಚದ ಕೆಳಗೆ, ಚಾಪೆಯ ಕೆಳಗೆ ಇರುತ್ತದೆ. ಬಕೆಟ್‌ಗೆ ರಾಡ್ ಹಾಕಿ ಕ್ಲಾಸಿಗೆ ಹೋದವರ ಕಥೆ ಪ್ರತಿ ಹಾಸ್ಟೆಲ್‌ನಲ್ಲೂ ಒಂದಿದೆ. ನೀರು ಆವಿಯಾಗಿ ಪ್ಲಾಸ್ಟಿಕ್ ಬಕೆಟ್ ಕರಗುತ್ತದೆ.

ವಾರ್ಡನ್ ಸಾಹೇಬರಿಗೂ ಒಂದು ಮಾತು. ಬಿಸಿನೀರು ಬೆಳಿಗ್ಗೆ ಸರಿಯಾಗಿ ಬಂದರೆ ಅರ್ಧ ರಾಡ್‌ಗಳು ತಾವಾಗಿಯೇ ಮಾಯವಾಗುತ್ತವೆ. ಬರೀ ದಂಡ ಹಾಕಿದರೆ ಬೀರುವಿನೊಳಗೆ ಅಡಗುತ್ತವೆ.

ಇ-ಸ್ಕೂಟರ್ ಬ್ಯಾಟರಿಯನ್ನು ರೂಮಿನಲ್ಲಿ, ಅದರಲ್ಲೂ ಮೆಟ್ಟಿಲ ಕೆಳಗೆ ಚಾರ್ಜ್ ಮಾಡಬೇಡಿ. ಲಿಥಿಯಂ ಬ್ಯಾಟರಿ ಹೊತ್ತಿದರೆ ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ. ಮೆಟ್ಟಿಲ ಬುಡದಲ್ಲಿ ಅದಾದರೆ ಮೇಲಿನ ಎಲ್ಲರ ದಾರಿ ಹೋಯಿತು.

ಮೆಸ್‌ನಲ್ಲಿ ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ?

ನೀರು ಹಾಕಲೇಬೇಡಿ. ಕಾದ ಎಣ್ಣೆಯ ಕೆಳಗೆ ನೀರು ಹೋಗಿ ಒಮ್ಮೆಲೇ ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆ ಸೂರಿಗೆ ಚಿಮ್ಮುತ್ತದೆ. ಗ್ಯಾಸ್ ಆರಿಸಿ, ಮುಚ್ಚಳ ಅಥವಾ ದೊಡ್ಡ ತಟ್ಟೆ ಮುಚ್ಚಿ, ಹಾಗೇ ಬಿಡಿ. ಸರಿಹೋಯಿತಾ ಅಂತ ಎರಡೇ ನಿಮಿಷಕ್ಕೆ ತೆರೆದು ನೋಡುವ ಚಪಲ ಬೇಡ.

ಪರೀಕ್ಷೆ ನಡೆಯುವಾಗ ಅಲಾರಂ ಹೊಡೆದರೆ? ಎದ್ದು ಹೋದರೆ ಮಾಲ್‌ಪ್ರಾಕ್ಟೀಸ್ ಆಗುತ್ತಾ?

ಈ ಪ್ರಶ್ನೆ ಕೇಳಿದ ಹುಡುಗಿಯ ಮುಖದಲ್ಲಿ ನಿಜವಾದ ಭಯವಿತ್ತು, ಬೆಂಕಿಯದ್ದಲ್ಲ, ನಕಲು ಹಿಡಿಯುವ ಸ್ಕ್ವಾಡ್‌ನದ್ದು. ಏಳಿ, ಹೋಗಿ. ಉತ್ತರಪತ್ರಿಕೆ ಮೇಜಿನ ಮೇಲೇ ಇರಲಿ. ಮರುಪರೀಕ್ಷೆ ಮಾಡಬಹುದು. ಪತ್ರಿಕೆ ಎಣಿಸಿ ಕಟ್ಟು ಕಟ್ಟಬೇಕೆಂದು ಮೇಲ್ವಿಚಾರಕರು ಯಾರನ್ನೂ ತಡೆದು ನಿಲ್ಲಿಸಬಾರದು. ಇದನ್ನು ಪರೀಕ್ಷಾ ವಿಭಾಗ ಮುಂಚೆಯೇ ಬರೆದು ಕೊಡಬೇಕು. ಇಲ್ಲದಿದ್ದರೆ ಆ ಗಳಿಗೆಯಲ್ಲಿ ಮೇಲ್ವಿಚಾರಕರೂ ಹೆದರುತ್ತಾರೆ, ಹುಡುಗರೂ ಹೆದರುತ್ತಾರೆ, ಯಾರೂ ಏಳುವುದಿಲ್ಲ.

ವೀಲ್‌ಚೇರ್ ಬಳಸುವವರು, ಕಾಲು ಮುರಿದವರು ಮೂರನೇ ಮಹಡಿಯಲ್ಲಿದ್ದರೆ?

ಎತ್ತಿಕೊಂಡು ಹೋದರಾಯಿತು ಎಂದು ಹೇಳುವವರು ಒಮ್ಮೆ ಎತ್ತಿ ನೋಡಲಿ. ಇಬ್ಬರು ಜೊತೆಗಾರರನ್ನು ಮೊದಲೇ ಗೊತ್ತು ಮಾಡಿ, ಒಬ್ಬರು ರಜೆಯಲ್ಲಿದ್ದರೂ ಇನ್ನೊಬ್ಬರು ಇರುತ್ತಾರೆ. ಮೆಟ್ಟಿಲಲ್ಲಿ ಜಾರಿಸಿಕೊಂಡು ಇಳಿಸುವ ಕುರ್ಚಿ ಸಿಗುತ್ತದೆ, ಆದರೆ ಅದನ್ನು ಅಭ್ಯಾಸ ಮಾಡಿರಬೇಕು. ಕುರ್ಚಿ ಇಲ್ಲದಿದ್ದರೆ ಬೆಂಕಿ ತಡೆಯುವ ಬಾಗಿಲಿನ ಒಳಗಿನ ಮೆಟ್ಟಿಲ ಜಗಲಿಯಲ್ಲಿ ಅವರ ಜೊತೆ ಒಬ್ಬರು ನಿಂತು, ಎಲ್ಲಿದ್ದೇವೆಂದು ಕೆಳಗೆ ಹೇಳಿ ಕಳಿಸಬೇಕು. ಆ ಬಾಗಿಲಿಗೆ ಗಾಳಿ ಬರಲಿ ಅಂತ ಇಟ್ಟಿಗೆ ಕೊಟ್ಟಿರುತ್ತೀರಲ್ಲ, ಅದನ್ನು ತೆಗೆಯಿರಿ. ಯೋಜನೆ ಮಾಡುವಾಗ ಅವರನ್ನೇ ಕೂರಿಸಿಕೊಂಡು ಕೇಳಿ. ಕಿವಿ ಕೇಳಿಸದವರಿಗೆ ಮಿನುಗುವ ದೀಪದ ಅಲಾರಂ ಬೇಕು.

ಡ್ರಿಲ್ ಎಷ್ಟು ಸಲ ಮಾಡಬೇಕು?

ಎತ್ತರದ ಕಟ್ಟಡಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ನಮ್ಮಲ್ಲಿ ನಡೆಯುವುದು ಬಹುತೇಕ ಏಪ್ರಿಲ್‌ನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟವಾಗಿ 66 ಅಗ್ನಿಶಾಮಕರು ಸತ್ತರು, ಆ ನೆನಪಿನ ವಾರ ಅದು. 14 ಅಂಬೇಡ್ಕರ್ ಜಯಂತಿ, ರಜೆ. ಹಾಗಾಗಿ ಮರುದಿನ ಮೈದಾನದಲ್ಲಿ ಟಬ್‌ಗೆ ಬೆಂಕಿ ಹಚ್ಚಿ ಆರಿಸಿ ತೋರಿಸಿ ಫೋಟೋ ತೆಗೆದುಕೊಂಡರೆ ಮುಗಿಯಿತು. ಅದು ಪ್ರದರ್ಶನ, ಡ್ರಿಲ್ ಅಲ್ಲ. ಜನ ಕಟ್ಟಡದಿಂದ ಇಳಿಯಬೇಕು. ಒಮ್ಮೆಯಾದರೂ ಹೇಳದೆ ಕೇಳದೆ, ಒಮ್ಮೆ ರಾತ್ರಿ, ಒಮ್ಮೆ ಒಂದು ಮೆಟ್ಟಿಲನ್ನು "ಇಲ್ಲಿ ಬೆಂಕಿ" ಎಂದು ಮುಚ್ಚಿ ಮಾಡಿ ನೋಡಿ. ಎಲ್ಲರೂ ದಿನಾ ಹತ್ತುವ ಮೆಟ್ಟಿಲಿಗೇ ನುಗ್ಗುತ್ತಾರೆ, ಇನ್ನೊಂದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಕಾಲೇಜ್ ಫೆಸ್ಟ್‌ನ ಶಾಮಿಯಾನಕ್ಕೂ ಇದೆಲ್ಲ ಬೇಕಾ?

ಇನ್ನೂ ಜಾಸ್ತಿ ಬೇಕು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಬಟ್ಟೆಯ ಸೂರು ಬೇಗ ಉರಿಯುತ್ತದೆ, ಉರಿಯುತ್ತಲೇ ತಲೆ ಮೇಲೆ ಬೀಳುತ್ತದೆ. ಒಂದಕ್ಕಿಂತ ಹೆಚ್ಚು ದಾರಿ ಬಿಡಿ, ದಾರಿಯಲ್ಲಿ ಕುರ್ಚಿ ಹಾಕಬೇಡಿ, ಫುಡ್ ಸ್ಟಾಲ್‌ನ ಗ್ಯಾಸ್ ಡೇರೆಯಿಂದ ದೂರ ಇರಲಿ, ಜನರೇಟರ್ ಇನ್ನೂ ದೂರ.

ಅಗ್ನಿಶಾಮಕ ವಾಹನ ಕಟ್ಟಡದವರೆಗೆ ಬರುತ್ತದಾ?

ದೊಡ್ಡ ಕಮಾನು ಕಟ್ಟುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಬಹಳ ಇಷ್ಟ. ಅದರ ಕೆಳಗೆ ಫೈರ್ ಎಂಜಿನ್ ಹಿಡಿಸುತ್ತಾ ಅಂತ ಹತ್ತಿರದ ಠಾಣೆಯವರನ್ನು ಕರೆದು ಒಮ್ಮೆ ಓಡಿಸಿ ನೋಡಿ. ಕರೆದರೆ ಬರುತ್ತಾರೆ. ಹಾಸ್ಟೆಲ್ ಮುಂದಿನ ಬೈಕ್ ಸಾಲು, ಹಬ್ಬಕ್ಕೆ ಹಾಕಿದ ಪೆಂಡಾಲ್ ಕಂಬ, ರಸ್ತೆಗೆ ಬಾಗಿದ ಗುಲ್‌ಮೊಹರ್ ಕೊಂಬೆ ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಬೆಂಕಿಗೆ ನೀರು ಹಾಯಿಸುವ ಪೈಪ್ ಇಡುವ ಹೈಡ್ರಂಟ್ ಪೆಟ್ಟಿಗೆಯನ್ನೂ ತೆರೆದು ನೋಡಿ. ಹಿತ್ತಾಳೆಯ ನಾಜಲ್ ಗುಜರಿಗೆ ಹೋಗಿ, ಒಳಗೆ ಪೊರಕೆ ಮತ್ತು ಫಿನಾಯಿಲ್ ಡಬ್ಬಿ ಇರಬಹುದು.

ಹೊರಗೆ ಬಂದ ಮೇಲೆ ಎಲ್ಲಿ ನಿಲ್ಲಬೇಕು? ಲ್ಯಾಪ್‌ಟಾಪ್ ತರಲು ವಾಪಸ್ ಹೋಗಬಹುದಾ?

ಹಸಿರು ಬೋರ್ಡಿನಲ್ಲಿ ನಾಲ್ಕು ಮೂಲೆಯಿಂದ ಬಾಣಗಳು ನಡುವಿನ ಜನರ ಕಡೆ ತೋರಿಸುತ್ತಿರುತ್ತವಲ್ಲ, ಅಲ್ಲಿ. ಕ್ಯಾಂಟೀನ್‌ಗೆ ಹೋಗಿ ಕೂತರೆ ನೀವು ಒಳಗೇ ಇದ್ದೀರಿ ಎಂದು ಯಾರೋ ಹುಡುಕಿಕೊಂಡು ಹೊಗೆಯೊಳಗೆ ಹೋಗುತ್ತಾರೆ. ಹಾಜರಿ ಪುಸ್ತಕಕ್ಕಿಂತ ರೂಮ್‌ಮೇಟ್ ನೆನಪೇ ಗಟ್ಟಿ, ಪಕ್ಕದವರು ಇದ್ದಾರಾ ನೋಡಿ ವಾರ್ಡನ್‌ಗೆ ಹೇಳಿ.

ಲ್ಯಾಪ್‌ಟಾಪ್‌ಗೂ ಬೇಡ, ಮಾರ್ಕ್ಸ್‌ಕಾರ್ಡ್‌ಗೂ ಬೇಡ. ಥೀಸಿಸ್ ಬರೆಯುತ್ತಿರುವವರು ಬೇರೆ ಕಡೆ ಒಂದು ಕಾಪಿ ಇವತ್ತೇ ಇಟ್ಟುಬಿಡಿ. ಅಲಾರಂ ನಿಂತಿತು ಎಂದು ಒಳಗೆ ಹೋಗಬೇಡಿ, ಯಾರೋ ಕಿರಿಕಿರಿ ತಾಳದೆ ಆರಿಸಿರಬಹುದು. ಅಗ್ನಿಶಾಮಕ ಅಧಿಕಾರಿ ಹೋಗಿ ಅಂದ ಮೇಲೆ ಹೋಗಿ.